ಕೂಡಿ ಕುಣಿದರೂ ಕರಗದ ಹೆಜ್ಜೆ: ಹೆಸರಘಟ್ಟದ ನೃತ್ಯಗ್ರಾಮದ ಕೃತಿಗಳು ಮತ್ತು ಕಲಾ ಸಹಯೋಗಗಳು

ಮಳೆಗಾಲ ಕಳೆದು ದೀಪಾವಳಿ ಮುಗಿಯಿತೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಬಯಲುಗಳಲ್ಲಿ ಯಕ್ಷಗಾನ ಮೇಳಗಳ ಚೆಂಡೆಯ ಸದ್ದು ಕೇಳಿಬರುತ್ತದೆ. ಆಟ ಮುಗಿಸಿ ಮನೆಗೆ ಮರಳುವ ಪ್ರೇಕ್ಷಕರಲ್ಲಿ ಎರಡು ಮಾತುಗಳು ಮತ್ತೆ ಮತ್ತೆ ಏಳುವುದುಂಟು. ಹಿಂದಿನ ದೊಡ್ಡ ಕಲಾವಿದರು ಕಟ್ಟಿದ ಕುಣಿತ ಅವರ ನಂತರ ಉಳಿದಿದೆಯೇ ಎಂಬುದು ಒಂದು. ಬೇರೆ ಕಲೆಯ ಹೆಜ್ಜೆಯನ್ನೋ ಮಟ್ಟನ್ನೋ ತಂದು ಸೇರಿಸುವುದು ಎಷ್ಟರ ಮಟ್ಟಿಗೆ ಸರಿ ಎಂಬುದು ಇನ್ನೊಂದು. ಮೇಳಿಗೆಯ ಬಯಲಿನಲ್ಲಿ ಏಳುವ ಈ ಪ್ರಶ್ನೆಗಳನ್ನೇ ಬೆಂಗಳೂರಿನ ಹೊರವಲಯದ ಒಂದು ನೃತ್ಯ ತಂಡ ಮೂರು ದಶಕಗಳಿಗೂ ಮಿಕ್ಕಿ ಎದುರಿಸುತ್ತ ಬಂದಿದೆ. ಹೆಸರಘಟ್ಟದ ನೃತ್ಯಗ್ರಾಮವೇ ಆ ತಂಡ. ಅದರ ಹಿಂದಿನ ಕೃತಿಗಳನ್ನೂ ಶ್ರೀಲಂಕಾದ ಕಲಾವಿದರೊಡನೆ ಅದು ನಡೆಸಿದ ಸಹಯೋಗಗಳನ್ನೂ ಗಮನಿಸಿದರೆ ಈ ಪ್ರಶ್ನೆಗಳಿಗೆ ಒಂದು ಬಗೆಯ ಉತ್ತರ ದೊರೆಯುತ್ತದೆ.

ಹಳ್ಳಿಯಾಗಿ ಹುಟ್ಟಿದ ತಂಡ

ನೃತ್ಯಗ್ರಾಮವನ್ನು ಸ್ಥಾಪಿಸಿದವರು ಪ್ರೊತಿಮಾ ಗೌರಿ ಬೇಡಿ. ಮುಂಬಯಿಯಲ್ಲಿ ರೂಪದರ್ಶಿಯಾಗಿ ಹೆಸರು ಮಾಡಿದ್ದ ಅವರು 1975ರಲ್ಲಿ ಆಕಸ್ಮಿಕವಾಗಿ ಒಡಿಸ್ಸಿ ನೃತ್ಯ ಪ್ರದರ್ಶನವೊಂದನ್ನು ಕಂಡು, ಆ ಕಲೆಯನ್ನು ಕಲಿಯಲೇಬೇಕೆಂದು ಹೊರಟರು. ಆಗ ಅವರ ವಯಸ್ಸು ಇಪ್ಪತ್ತಾರು. ನೃತ್ಯವನ್ನು ಬಾಲ್ಯದಲ್ಲಿಯೇ ಆರಂಭಿಸಬೇಕೆಂಬುದು ರೂಢಿಯ ಮಾತು. ಆದರೂ ಅವರು ಒಡಿಶಾದ ಕಟಕ್‌ಗೆ ತೆರಳಿ ಗುರು ಕೇಳುಚರಣ ಮಹಾಪಾತ್ರರಲ್ಲಿ ಶಿಷ್ಯತ್ವ ವಹಿಸಿದರು. ಗುರುವಿನ ಮನೆಯಲ್ಲಿದ್ದು ಕಲಿತ ಅನುಭವವೇ ಮುಂದೆ ಗುರುಕುಲದ ಕಲ್ಪನೆಗೆ ಮೂಲವಾಯಿತು.

ಕರ್ನಾಟಕ ಸರ್ಕಾರವು ಗುತ್ತಿಗೆಯ ಮೇಲೆ ನೀಡಿದ ಹತ್ತು ಎಕರೆ ಭೂಮಿಯಲ್ಲಿ ವಾಸ್ತುಶಿಲ್ಪಿ ಜೆರಾರ್ಡ್ ಡ ಕುನ್ಹಾ ಅವರು ಕಲ್ಲು, ಮಣ್ಣು, ಹುಲ್ಲುಗಳನ್ನು ಬಳಸಿ ಗ್ರಾಮದ ಕಟ್ಟಡಗಳನ್ನು ರೂಪಿಸಿದರು. 1990ರ ಮೇ 11ರಂದು ಅಂದಿನ ಪ್ರಧಾನಮಂತ್ರಿ ವಿ.ಪಿ. ಸಿಂಗ್ ಅವರು ನೃತ್ಯಗ್ರಾಮವನ್ನು ಉದ್ಘಾಟಿಸಿದರು. ಏಳು ಶಾಸ್ತ್ರೀಯ ನೃತ್ಯಗಳಿಗೆ ಏಳು ಗುರುಕುಲಗಳಿರಬೇಕು, ಜತೆಗೆ ಛಾವು ಹಾಗೂ ಕಳರಿಪಯಟ್ಟು ವಿದ್ಯೆಗಳಿಗೂ ಸ್ಥಾನವಿರಬೇಕು ಎಂಬುದು ಸ್ಥಾಪಕಿಯ ಆಶಯವಾಗಿತ್ತು. ಒಡಿಸ್ಸಿಯ ಜತೆಗೆ ಮೋಹಿನಿಯಾಟ್ಟಂ, ಕಥಕ್ ಪಾಠಗಳೂ ಆರಂಭವಾದವು. ಕಾಲಕ್ರಮದಲ್ಲಿ ಗಟ್ಟಿಯಾಗಿ ನೆಲೆನಿಂತದ್ದು ಒಡಿಸ್ಸಿ ಮಾತ್ರ.

ಇಲ್ಲಿ ವಿದ್ಯಾರ್ಥಿಗಳ ದಿನ ಬೆಳಗಿನ ಜಾವದಲ್ಲೇ ಆರಂಭವಾಗುತ್ತದೆ. ಅಂಗಳ ಗುಡಿಸುವುದು, ತೋಟದ ಕೆಲಸ, ಯೋಗ ಹಾಗೂ ಅಂಗಸಾಧನೆಯ ನಂತರ ಗಂಟೆಗಟ್ಟಲೆ ನೃತ್ಯಾಭ್ಯಾಸ ನಡೆಯುತ್ತದೆ. ಸಂಜೆಯ ಹೊತ್ತು ಒಂದು ಗಂಟೆ ತರಗತಿಗೆ ಬಂದು ಹೋಗುವ ನಗರದ ಪದ್ಧತಿಗೆ ಇದು ತೀರ ಭಿನ್ನ. ಮಲೆನಾಡಿನವರಿಗೆ ಈ ಬಗೆಯ ಬದುಕು ಹೊಸದಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನೂ 1985ರಲ್ಲಿ ತಿರುಗಾಟವನ್ನೂ ಆರಂಭಿಸಿದಾಗ ಅಲ್ಲಿಯೂ ಕಲಿಕೆ, ವಾಸ, ಪ್ರದರ್ಶನಗಳು ಒಂದೇ ಊರಿನಲ್ಲಿ ಕೂಡಿಬಂದವು. ಮಹಾನಗರದಿಂದ ದೂರವಿದ್ದೂ ಹೊರಗಿನ ಲೋಕಕ್ಕೆ ಬಾಗಿಲು ತೆರೆದಿಟ್ಟುಕೊಳ್ಳುವ ಗುಣ ಎರಡೂ ಸಂಸ್ಥೆಗಳಲ್ಲಿದೆ.

ನೃತ್ಯಗ್ರಾಮದ ಹೆಸರನ್ನು ಮೊದಲು ಮನೆಮನೆಗೆ ಮುಟ್ಟಿಸಿದ್ದು ವಸಂತಹಬ್ಬ. ಫೆಬ್ರವರಿ ತಿಂಗಳಲ್ಲಿ ಸಂಜೆಯಿಂದ ಬೆಳಗಿನವರೆಗೆ ಬಯಲು ರಂಗಮಂದಿರದಲ್ಲಿ ಉಚಿತವಾಗಿ ನಡೆಯುತ್ತಿದ್ದ ಈ ಸಂಗೀತ ನೃತ್ಯೋತ್ಸವಕ್ಕೆ ಸಾವಿರಾರು ಜನ ಸೇರುತ್ತಿದ್ದರು. ಇಡೀ ರಾತ್ರಿ ಆಟ ನೋಡುವ ನಮ್ಮ ಜನರ ರೂಢಿಯನ್ನೇ ಅದು ಶಾಸ್ತ್ರೀಯ ಕಲೆಗಳಿಗೆ ಅನ್ವಯಿಸಿತ್ತು ಎನ್ನಬಹುದು. ಖರ್ಚಿನ ಹೊರೆಯಿಂದಾಗಿ 2000ರ ದಶಕದ ಮಧ್ಯಭಾಗದಲ್ಲಿ ಈ ಹಬ್ಬ ನಿಂತುಹೋಯಿತು.

ಸ್ಥಾಪಕಿಯ ಅಗಲಿಕೆ

1997ರಲ್ಲಿ ಮಗನನ್ನು ಕಳೆದುಕೊಂಡ ನಂತರ ಪ್ರೊತಿಮಾ ಅವರು ಸಂಸ್ಥೆಯ ಹೊಣೆಯನ್ನು ಶಿಷ್ಯರಿಗೆ ಒಪ್ಪಿಸಿ ಸನ್ಯಾಸದ ದಾರಿ ಹಿಡಿದರು. 1998ರ ಆಗಸ್ಟ್‌ನಲ್ಲಿ ಕೈಲಾಸ ಮಾನಸ ಸರೋವರ ಯಾತ್ರೆಯ ದಾರಿಯಲ್ಲಿ, ಹಿಮಾಲಯದ ಮಾಲ್ಪಾ ಎಂಬಲ್ಲಿ ಸಂಭವಿಸಿದ ಭೂಕುಸಿತದಲ್ಲಿ ಅವರು ಮೃತಪಟ್ಟರು. ಇನ್ನೂರಕ್ಕೂ ಹೆಚ್ಚು ಜನರನ್ನು ಬಲಿತೆಗೆದುಕೊಂಡ ದುರಂತ ಅದು.

ಒಬ್ಬ ವ್ಯಕ್ತಿಯ ಛಲದಿಂದ ಎದ್ದುನಿಂತ ಸಂಸ್ಥೆಗಳು ಆ ವ್ಯಕ್ತಿಯೊಡನೆಯೇ ಮುಗಿದುಹೋಗುವುದು ಸಾಮಾನ್ಯ. ನೃತ್ಯಗ್ರಾಮ ಹಾಗಾಗಲಿಲ್ಲ. ಅದಕ್ಕೆ ಮುಖ್ಯ ಕಾರಣ ಅಲ್ಲಿ ಆ ವೇಳೆಗಾಗಲೇ ಸಿದ್ಧಗೊಂಡಿದ್ದ ನರ್ತಕಿಯರು. ಆರಂಭದ ವರ್ಷವೇ ಸೇರಿದ್ದ ಮೊದಲ ಶಿಷ್ಯೆ ಸುರೂಪಾ ಸೇನ್ ಕಲಾ ನಿರ್ದೇಶಕಿಯಾದರು. 1993ರಲ್ಲಿ ಒಡಿಶಾದಿಂದ ಬಂದ ಬಿಜಯಿನಿ ಶತಪಥಿ ಗುರುಕುಲದ ಶಿಕ್ಷಣದ ಹೊಣೆ ಹೊತ್ತರು. ರಂಗಭೂಮಿಯ ಹಿನ್ನೆಲೆಯ ಲಿನ್ ಫರ್ನಾಂಡಿಸ್ ಆಡಳಿತವನ್ನೂ ಬೆಳಕಿನ ವಿನ್ಯಾಸವನ್ನೂ ನೋಡಿಕೊಂಡರು. ಸುತ್ತಲಿನ ಹಳ್ಳಿಗಳ ಮಕ್ಕಳಿಗಾಗಿ ನಡೆಸುತ್ತಿದ್ದ ತರಗತಿಗಳ ಮೂಲಕ ಬಂದ ಪವಿತ್ರಾ ರೆಡ್ಡಿ ಮುಂದೆ ತಂಡದ ಪ್ರಮುಖ ನರ್ತಕಿಯಾಗಿ ದೇಶವಿದೇಶಗಳ ವೇದಿಕೆಯೇರಿದರು. ಒಡಿಶಾದ ದೇವಾಲಯಗಳಲ್ಲಿ ಬೇರೂರಿದ ಕಲೆಯೊಂದು ಕನ್ನಡ ನಾಡಿನ ಹಳ್ಳಿಯ ಹುಡುಗಿಯ ಕಾಲಿಗೆ ಗೆಜ್ಜೆ ಕಟ್ಟಿದ್ದು ಈ ಸಂಸ್ಥೆಯ ಇತಿಹಾಸದಲ್ಲಿ ಸಣ್ಣ ಸಂಗತಿಯಲ್ಲ.

ಗುರುವಿನ ಪಾಠದಿಂದ ಸ್ವಂತ ರಚನೆಗೆ

ನೃತ್ಯಗ್ರಾಮದ ಕೃತಿಗಳನ್ನು ಅರಿಯಬೇಕಾದರೆ ಒಡಿಸ್ಸಿಯ ಹಿನ್ನೆಲೆಯನ್ನು ಸ್ವಲ್ಪ ತಿಳಿಯಬೇಕು. ದೇವಾಲಯದಲ್ಲಿ ಸೇವೆ ಸಲ್ಲಿಸುತ್ತಿದ್ದ ಮಾಹರಿಯರು ಮತ್ತು ಹೆಣ್ಣುವೇಷ ಧರಿಸಿ ಕುಣಿಯುತ್ತಿದ್ದ ಗೋಟಿಪುಅ ಬಾಲಕರು ಈ ನೃತ್ಯದ ಎರಡು ಮೂಲಗಳು. ಇಂದು ಒಡಿಸ್ಸಿ ಎಂದು ವೇದಿಕೆಯ ಮೇಲೆ ಕಾಣುವ ರೂಪವನ್ನು 1950ರ ದಶಕದಲ್ಲಿ ಕೆಲವು ಗುರುಗಳು ಹಾಗೂ ವಿದ್ವಾಂಸರು ಕೂಡಿ ಪುನಾರಚಿಸಿದರು. ಅವರಲ್ಲಿ ಪ್ರಮುಖರಾದ ಕೇಳುಚರಣ ಮಹಾಪಾತ್ರರು ಸ್ವತಃ ಗೋಟಿಪುಅ ಬಾಲಕರಾಗಿ ಕುಣಿದವರು. ಮಂಗಳಾಚರಣದಿಂದ ಮೋಕ್ಷದವರೆಗಿನ ಪ್ರದರ್ಶನ ಕ್ರಮ ಗಟ್ಟಿಗೊಂಡದ್ದೂ ಆ ಕಾಲದಲ್ಲಿಯೇ. ಈ ಕ್ರಮ ಬಹುಮಟ್ಟಿಗೆ ಒಬ್ಬ ನರ್ತಕಿಯ ಏಕವ್ಯಕ್ತಿ ಪ್ರದರ್ಶನಕ್ಕೆ ಹೊಂದುವಂಥದ್ದು.

ಸುರೂಪಾ ಸೇನ್ ಅವರ ಮುಂದಿದ್ದ ಸವಾಲು ಬೇರೆ ತೆರನಾದುದು. ಒಬ್ಬರ ನೃತ್ಯವನ್ನು ಗುಂಪಿನ ನೃತ್ಯವಾಗಿಸುವುದು ಹೇಗೆ? ಐದಾರು ಜನ ಒಂದೇ ಹೆಜ್ಜೆಯನ್ನು ಸಾಲಾಗಿ ನಿಂತು ಹಾಕಿದರೆ ಅದು ಕವಾಯತಾಗುತ್ತದೆ. ಅವರು ಹಿಡಿದ ದಾರಿಯಲ್ಲಿ ನರ್ತಕಿಯರು ರಂಗದ ಮೇಲೆ ಗುಂಪುಗೂಡಿ, ಚದುರಿ, ಒಬ್ಬರ ಚಲನೆಗೆ ಇನ್ನೊಬ್ಬರು ಉತ್ತರವಾಗಿ ನಿಲ್ಲುತ್ತಾರೆ. ಹೆಜ್ಜೆ, ಹಸ್ತ, ಭಂಗಿಗಳ ವ್ಯಾಕರಣ ಒಡಿಸ್ಸಿಯದೇ. ರಂಗಸ್ಥಳದ ಬಳಕೆ ಮಾತ್ರ ಹೊಸದು.

2000ರ ದಶಕದ ಆರಂಭದ 'ಶ್ರೀ' ಎಂಬ ಕೃತಿ ದೇವಿಯ ಶೋಧವನ್ನು ವಸ್ತುವಾಗಿ ಹೊಂದಿತ್ತು. ಅದರ ಮೊದಲ ಭಾಗ ಸಾಂಪ್ರದಾಯಿಕ ಒಡಿಸ್ಸಿಗೆ, ಎರಡನೆಯ ಭಾಗ ಹೊಸ ರಚನೆಗೆ ಮೀಸಲಾಗಿತ್ತು. ಎರಡನ್ನೂ ಒಂದೇ ಸಂಜೆ ಪ್ರೇಕ್ಷಕರ ಮುಂದಿಟ್ಟು, ಎಲ್ಲಿಂದ ಹೊರಟು ಎಲ್ಲಿಗೆ ಬಂದೆವು ಎಂಬುದನ್ನು ತಂಡ ಬಯಲಾಗಿಯೇ ತೋರಿಸಿತು. ನಂತರ ಬಂದ 'ಅಂಶ' ಹಾಗೂ ದೇವಾಲಯ ವಾಸ್ತುವಿಗೂ ನೃತ್ಯಕ್ಕೂ ಇರುವ ನಂಟನ್ನು ಅರಸುವ ಕೃತಿಗಳಲ್ಲಿ ಈ ದಾರಿ ಮುಂದುವರಿಯಿತು. 2008ರ 'ಪ್ರತಿಮಾ' ಬಿಂಬ, ಪ್ರತಿಬಿಂಬಗಳನ್ನು ಕುರಿತದ್ದು. ಸ್ಥಾಪಕಿ ತೀರಿಕೊಂಡ ಹತ್ತನೆಯ ವರ್ಷ ಬಂದ ಈ ಕೃತಿಯ ಹೆಸರು ಅವರ ಹೆಸರನ್ನೇ ನೆನಪಿಗೆ ತರುತ್ತದೆ. ಜಯದೇವನ ಗೀತಗೋವಿಂದವನ್ನು ಆಧರಿಸಿ ಸುರೂಪಾ ಮತ್ತು ಬಿಜಯಿನಿ ಇಬ್ಬರೇ ನಡೆಸಿಕೊಟ್ಟ ಯುಗಳ ನೃತ್ಯ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದ ಸಭಾಂಗಣದಲ್ಲಿಯೂ ಪ್ರದರ್ಶನಗೊಂಡಿತು.

ಈ ಕೃತಿಗಳ ಪೈಕಿ ಹಲವಕ್ಕೆ ಸಂಗೀತ ನೀಡಿದವರು ಪಂಡಿತ ರಘುನಾಥ ಪಾಣಿಗ್ರಾಹಿ. ಒಡಿಸ್ಸಿ ನರ್ತಕಿ ಸಂಯುಕ್ತಾ ಪಾಣಿಗ್ರಾಹಿಯವರ ಪತಿಯಾಗಿದ್ದ ಅವರು ಗೀತಗೋವಿಂದ ಗಾಯನಕ್ಕೆ ಹೆಸರಾಗಿದ್ದರು. 1997ರಲ್ಲಿ ಪತ್ನಿ ತೀರಿಕೊಂಡ ಬಳಿಕ ಅವರ ಅನುಭವದ ಫಲ ಹೊಸ ಪೀಳಿಗೆಯ ಈ ತಂಡಕ್ಕೂ ದೊರೆಯಿತು. 2013ರಲ್ಲಿ ಅವರು ನಿಧನರಾದರು. ಹಾಡುಗಾರರು, ಮರ್ದಲ, ಪಿಟೀಲು, ಕೊಳಲು ವಾದಕರನ್ನು ಜತೆಗೆ ಕರೆದುಕೊಂಡೇ ಪ್ರವಾಸ ಮಾಡುವುದು ತಂಡದ ಪದ್ಧತಿ. ಧ್ವನಿಮುದ್ರಿತ ಸಂಗೀತಕ್ಕೆ ಕುಣಿದರೆ ಖರ್ಚು ಕಡಿಮೆ. ಆದರೆ ಭಾಗವತರಿಲ್ಲದ ಯಕ್ಷಗಾನ ಹೇಗಿರುತ್ತದೆಂದು ಬಲ್ಲವರಿಗೆ ಹಿಮ್ಮೇಳದ ಬೆಲೆಯನ್ನು ವಿವರಿಸಬೇಕಾಗಿಲ್ಲ.

'ಸಂಹಾರ' ಎಂಬ ಜಡೆ

ನೃತ್ಯಗ್ರಾಮದ ಸಹಯೋಗಗಳಲ್ಲಿ ಬಹುವಾಗಿ ಚರ್ಚೆಗೊಂಡದ್ದು 2012ರ 'ಸಂಹಾರ'. ಮಹಿಷ ಸಂಹಾರ, ತಾರಕ ಸಂಹಾರ ಎಂದೇ ಈ ಪದವನ್ನು ಕೇಳಿಬಲ್ಲ ಕನ್ನಡಿಗರಿಗೆ ಹೆಸರು ಅಚ್ಚರಿ ತರಬಹುದು. ಒಟ್ಟುಗೂಡಿಸುವುದು, ಕಟ್ಟುವುದು ಎಂಬ ಅರ್ಥವೂ ಆ ಪದಕ್ಕಿದೆ. ಭಟ್ಟನಾರಾಯಣನ 'ವೇಣೀಸಂಹಾರ' ನಾಟಕದಲ್ಲಿ ಬಿಚ್ಚಿಹೋದ ದ್ರೌಪದಿಯ ಮುಡಿಯನ್ನು ಕಟ್ಟುವುದೇ ಸಂಹಾರ. ಜಡೆಯ ಎಳೆಗಳು ಒಂದನ್ನೊಂದು ಬಿಗಿಯಾಗಿ ಹಿಡಿದಿರುತ್ತವೆ. ಹಾಗೆಂದು ಒಂದು ಎಳೆ ಇನ್ನೊಂದರಲ್ಲಿ ಕರಗುವುದಿಲ್ಲ. ಈ ಕೃತಿಯ ಗುಟ್ಟೂ ಅದೇ.

ನೃತ್ಯಗ್ರಾಮ ಇಲ್ಲಿ ಕೈಜೋಡಿಸಿದ್ದು ಕೊಲಂಬೊದ ಚಿತ್ರಸೇನ ನೃತ್ಯ ತಂಡದೊಡನೆ. ಶ್ರೀಲಂಕಾದ ಕ್ಯಾಂಡಿ ಸೀಮೆಯ ನೃತ್ಯ 'ಕೊಹೊಂಬ ಕಂಕಾರಿಯ' ಎಂಬ ಆರಾಧನಾ ವಿಧಿಯಿಂದ ಬಂದದ್ದು. ಪರಂಪರೆಯಲ್ಲಿ ಅದನ್ನು ಗಂಡಸರು ಮಾತ್ರ ಕುಣಿಯುತ್ತಿದ್ದರು. ಅದನ್ನು 1940ರ ದಶಕದಿಂದ ಆಧುನಿಕ ರಂಗಮಂದಿರಕ್ಕೆ ತಂದವರಲ್ಲಿ ಚಿತ್ರಸೇನರು ಅಗ್ರಗಣ್ಯರು. 1921ರಲ್ಲಿ ಜನಿಸಿದ ಅವರು ಭಾರತಕ್ಕೆ ಬಂದು ಶಾಂತಿನಿಕೇತನದಲ್ಲಿ ಕಲಿತಿದ್ದರು, ತಿರುವಾಂಕೂರಿನಲ್ಲಿ ಕಥಕಳಿಯನ್ನೂ ಅಭ್ಯಸಿಸಿದ್ದರು. ಪತ್ನಿ ವಜಿರಾ ಅವರು ಈ ನೃತ್ಯದಲ್ಲಿ ಹೆಣ್ಣಿಗೆ ತಕ್ಕ ಶೈಲಿಯೊಂದನ್ನು ರೂಪಿಸಿದರು. ಚಿತ್ರಸೇನರು 2005ರಲ್ಲಿ ತೀರಿಕೊಂಡ ನಂತರವೂ ಮಗಳು ಉಪೇಕಾ, ಮೊಮ್ಮಕ್ಕಳಾದ ಹೆಷ್ಮಾ ವಿಘ್ನರಾಜ ಮತ್ತು ತಾಜಿ ಡಯಸ್ ಪರಂಪರೆಯನ್ನು ಮುಂದುವರಿಸಿದರು. ಅಂದರೆ ಸ್ಥಾಪಕರನ್ನು ಕಳೆದುಕೊಂಡೂ ನಿಂತ ಎರಡು ತಂಡಗಳು ಇಲ್ಲಿ ಭೇಟಿಯಾದವು.

'ಸಂಹಾರ'ದಲ್ಲಿ ನೃತ್ಯಗ್ರಾಮದ ಮೂವರು, ಚಿತ್ರಸೇನ ತಂಡದ ಇಬ್ಬರು, ಒಟ್ಟು ಐವರು ನರ್ತಕಿಯರಿದ್ದರು. ಒಡಿಸ್ಸಿಯವರು ಕ್ಯಾಂಡಿಯ ಹೆಜ್ಜೆಯನ್ನು ಕಲಿತು ಕುಣಿಯಲಿಲ್ಲ, ಕ್ಯಾಂಡಿಯವರು ಒಡಿಸ್ಸಿಯನ್ನು ಅನುಕರಿಸಲಿಲ್ಲ. ತಮ್ಮ ತಮ್ಮ ಭಾಷೆಯಲ್ಲಿಯೇ ಅವರು ಪರಸ್ಪರ ಮಾತನಾಡಿದರು. ಇದು ಸಾಧ್ಯವಾದದ್ದಕ್ಕೆ ಎರಡು ನೃತ್ಯಗಳ ರಚನೆಯಲ್ಲೇ ಕಾರಣಗಳಿವೆ. ಒಡಿಸ್ಸಿಯಲ್ಲಿ ಚೌಕ, ತ್ರಿಭಂಗ ಎಂಬ ಎರಡು ಮೂಲ ಭಂಗಿಗಳಿವೆ. ಚೌಕದಲ್ಲಿ ಮಂಡಿ ಹೊರಕ್ಕೆ ಬಾಗಿ, ದೇಹದ ಭಾರ ಎರಡೂ ಪಾದಗಳ ಮೇಲೆ ಸಮನಾಗಿ ಹಂಚಿರುತ್ತದೆ. ಜಗನ್ನಾಥನ ವಿಗ್ರಹವನ್ನು ಅದು ನೆನಪಿಸುತ್ತದೆ. ಕ್ಯಾಂಡಿ ನೃತ್ಯದ ಮೂಲ ಭಂಗಿಯಾದ ಮಂಡಿಯದಲ್ಲಿಯೂ ಮಂಡಿ ಹೊರಕ್ಕೆ ಬಾಗಿಯೇ ಇರುತ್ತದೆ. ಎರಡೂ ಕಲೆಗಳು ಸಂಧಿಸುವ ನೆಲ ಇದು. ಅಲ್ಲಿಂದ ಮುಂದೆ ದಾರಿಗಳು ಬೇರೆಯಾಗುತ್ತವೆ. ಒಡಿಸ್ಸಿ ತ್ರಿಭಂಗಕ್ಕೆ ಹೊರಳಿ ಎದೆ, ಸೊಂಟ, ಕತ್ತುಗಳಲ್ಲಿ ಬಳುಕುತ್ತದೆ. ಕ್ಯಾಂಡಿಯ ನರ್ತಕಿ ಬೆನ್ನನ್ನು ನೆಟ್ಟಗಿರಿಸಿ, ಕೈಗಳನ್ನು ಚುರುಕಾಗಿ ಬೀಸಿ, ಗಿರ್ರನೆ ಸುತ್ತಿ ನೆಗೆಯುತ್ತಾಳೆ. ಒಂದು ಕಲೆಯ ಬಳುಕು ಇನ್ನೊಂದರ ನೇರವನ್ನು ಎತ್ತಿ ತೋರಿಸುತ್ತದೆ.

ತಾಳದಲ್ಲಿಯೂ ಇಂತಹ ನೆಂಟಸ್ತಿಕೆಯಿದೆ. ಕ್ಯಾಂಡಿಯ 'ಗೆಟ ಬೆರ' ಮದ್ದಳೆಯ ಹಾಗೆ ಎರಡು ಮುಖಗಳ ವಾದ್ಯ. ಅದರ ಮೂಲ ಪಾಠಾಕ್ಷರಗಳು ತ, ಜಿ, ತೊ, ನಂ. ಮೃದಂಗದ ಮೊದಲ ಪಾಠದಲ್ಲಿ ತ, ದಿ, ತೊಂ, ನಂ ಎಂದು ಕಲಿತ ಯಾವ ವಿದ್ಯಾರ್ಥಿಗೂ ಈ ಅಕ್ಷರಗಳು ಅಪರಿಚಿತವೆನಿಸವು. ಹೀಗಿದ್ದೂ ಕ್ಯಾಂಡಿಯ ವಾದ್ಯದ ಗಡಸು ದನಿ ಒಡಿಸ್ಸಿಯ ಮರ್ದಲದ ಮೆದು ದನಿಗಿಂತ ಬೇರೆಯೇ. ಸಂಗೀತವನ್ನು ಸಂಯೋಜಿಸುವಾಗ ಒಂದು ಇನ್ನೊಂದನ್ನು ನುಂಗದಂತೆ ಅಳೆದು ಕಟ್ಟಬೇಕಾಯಿತು.

'ಆಹುತಿ' ಮತ್ತು ಮುಂದಿನ ಹೆಜ್ಜೆ

ಏಳು ವರ್ಷಗಳ ನಂತರ, 2019ರಲ್ಲಿ, ಇದೇ ಎರಡು ತಂಡಗಳು 'ಆಹುತಿ'ಯನ್ನು ಸಿದ್ಧಪಡಿಸಿದವು. ಈ ಬಾರಿ ಚಿತ್ರಸೇನ ತಂಡದ ಗಂಡು ನರ್ತಕರೂ ಸೇರಿದರು. ಪುರುಷರ ಕ್ಯಾಂಡಿ ನೃತ್ಯದ ರಭಸ ಒಡಿಸ್ಸಿಯ ಸ್ತ್ರೀಯರ ಎದುರಿಗೆ ನಿಂತಾಗ ರಂಗದ ಸಮತೋಲವೇ ಬದಲಾಯಿತು. ಒಮ್ಮೆ ಯಶಸ್ಸು ಕಂಡ ಸೂತ್ರವನ್ನೇ ಮತ್ತೆ ಬಳಸದೆ, ಅದೇ ಗೆಳೆತನವನ್ನು ಬೇರೊಂದು ಪರೀಕ್ಷೆಗೆ ಒಡ್ಡಿದ್ದು ಇದರ ವಿಶೇಷ. ಸಹಯೋಗವೆಂದರೆ ಒಂದು ಉತ್ಸವಕ್ಕಾಗಿ ಹತ್ತು ದಿನ ಒಟ್ಟು ಸೇರಿ ಚದುರುವುದಲ್ಲ, ವರ್ಷಗಟ್ಟಲೆ ಒಬ್ಬರ ಅಂಗಳಕ್ಕೆ ಇನ್ನೊಬ್ಬರು ಹೋಗಿ ಬರುವ ಬಳಕೆ ಎಂಬುದನ್ನು ಈ ಎರಡು ಕೃತಿಗಳು ತೋರಿಸಿವೆ.

ಆದರೆ 'ಆಹುತಿ'ಯ ಹೊತ್ತಿಗೆ ನೃತ್ಯಗ್ರಾಮದ ಒಳಗೇ ದೊಡ್ಡ ಬದಲಾವಣೆ ನಡೆದಿತ್ತು. ಕಾಲು ಶತಮಾನ ಕಾಲ ಸುರೂಪಾ ಅವರೊಡನೆ ಜೋಡಿಯಾಗಿ ಕುಣಿದ ಬಿಜಯಿನಿ ಶತಪಥಿ ತಂಡದಿಂದ ಹೊರಬಂದು ಏಕವ್ಯಕ್ತಿ ಪ್ರದರ್ಶನಗಳ ಸ್ವಂತ ದಾರಿ ಹಿಡಿದಿದ್ದರು. ಯುಗಳ ನೃತ್ಯವೊಂದರಲ್ಲಿ ಒಬ್ಬರು ಹೊರಟುಹೋದರೆ ಆ ಕೃತಿಯ ಗತಿಯೇನು? ಹೆಜ್ಜೆಯನ್ನು ಇನ್ನೊಬ್ಬರಿಗೆ ಕಲಿಸಬಹುದು. ಇಬ್ಬರು ನರ್ತಕಿಯರು ಇಪ್ಪತ್ತು ವರ್ಷ ಒಟ್ಟಿಗೆ ಉಸಿರಾಡಿ ಪಡೆದ ಹೊಂದಾಣಿಕೆಯನ್ನು ಕಲಿಸಲು ಬಾರದು. ಹೊಸಬರು ಅದನ್ನು ತಾವಾಗಿಯೇ, ತಮ್ಮದೇ ರೀತಿಯಲ್ಲಿ, ಮೊದಲಿನಿಂದ ಗಳಿಸಬೇಕಾಗುತ್ತದೆ.

ಸ್ಪೇನಿನ ನಿದರ್ಶನ

ಈ ಚಿಂತೆ ಭಾರತಕ್ಕೆ ಮಾತ್ರ ಸೀಮಿತವಾದುದಲ್ಲ. ಸ್ಪೇನ್ ದೇಶದ ಫ್ಲಾಮೆಂಕೊ ನೃತ್ಯವೂ ಗುರುವಿನಿಂದ ಶಿಷ್ಯನಿಗೆ ಮೈಯಿಂದ ಮೈಗೆ ದಾಟುವ ಕಲೆ. ಯುನೆಸ್ಕೊ 2010ರಲ್ಲಿ ಅದನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆಂಟೋನಿಯೊ ಗಾದೆಸ್ ಎಂಬ ಫ್ಲಾಮೆಂಕೊ ನರ್ತಕ 1974ರಲ್ಲಿ ಲೋರ್ಕಾನ ರಕ್ತ ವಿವಾಹದ ನಾಟಕವನ್ನು ನೃತ್ಯವಾಗಿಸಿದರು, 1983ರಲ್ಲಿ 'ಕಾರ್ಮೆನ್' ಕಥೆಯನ್ನು ರಂಗಕ್ಕೆ ತಂದರು. ಮೊದಲ ಕೃತಿಯನ್ನು ಕಾರ್ಲೋಸ್ ಸೌರಾ 1981ರಲ್ಲಿ ಚಲನಚಿತ್ರವಾಗಿಸಿದ್ದರಿಂದ ಗಾದೆಸ್ ಅವರ ಕುಣಿತ ಇಂದಿಗೂ ನೋಡಸಿಗುತ್ತದೆ. ಅಷ್ಟಕ್ಕೇ ತೃಪ್ತರಾಗದೆ, 2004ರಲ್ಲಿ ತಾವು ತೀರಿಕೊಳ್ಳುವ ಮುನ್ನ ಅವರು ತಮ್ಮ ಕೃತಿಗಳ ರಕ್ಷಣೆಗಾಗಿ ಪ್ರತಿಷ್ಠಾನವೊಂದನ್ನು ಸ್ಥಾಪಿಸಿದರು. ಅವರೊಡನೆ ಕುಣಿದವರೇ ಹೊಸಬರಿಗೆ ಆ ಕೃತಿಗಳನ್ನು ಕಲಿಸಿ ತಂಡವನ್ನು ಮುನ್ನಡೆಸಿದರು. ಚಲನಚಿತ್ರ ನೆನಪನ್ನು ಉಳಿಸಬಲ್ಲದು, ನೃತ್ಯವನ್ನು ಉಳಿಸಬಲ್ಲವನು ಇನ್ನೊಬ್ಬ ನರ್ತಕ ಮಾತ್ರ ಎಂಬ ಅರಿವು ಈ ಏರ್ಪಾಟಿನ ಹಿಂದಿದೆ.

ಸಹಯೋಗದ ವಿಷಯದಲ್ಲಿಯೂ ಫ್ಲಾಮೆಂಕೊದ ಉದಾಹರಣೆಯೊಂದು ಗಮನಾರ್ಹ. 2014ರಲ್ಲಿ ಕಥಕ್ ಹಿನ್ನೆಲೆಯ ಅಕ್ರಮ್ ಖಾನ್ ಮತ್ತು ಫ್ಲಾಮೆಂಕೊದ ಇಸ್ರಾಯೆಲ್ ಗಲ್ವಾನ್ ಕೂಡಿ 'ತೊರೊಬಾಕ' ಎಂಬ ಕೃತಿಯನ್ನು ನೀಡಿದರು. ಬರಿಗಾಲಿಗೆ ಗೆಜ್ಜೆ ಕಟ್ಟಿ ನೆಲವನ್ನು ಬಡಿಯುವ ಕಲೆ ಒಂದು, ಹಿಮ್ಮಡಿಗೆ ಮೊಳೆ ಬಡಿದ ಬೂಟಿನಿಂದ ಹಲಗೆಯನ್ನು ನುಡಿಸುವ ಕಲೆ ಇನ್ನೊಂದು. ಲಯದ ಲೆಕ್ಕಾಚಾರವೇ ಎರಡಕ್ಕೂ ಸಮಾನ ಭೂಮಿಕೆ. ನೃತ್ಯಗ್ರಾಮದವರು ಚೌಕ, ಮಂಡಿಯಗಳ ನಡುವೆ ಕಂಡುಕೊಂಡಂಥದೇ ಸಂಧಿಸ್ಥಾನ ಇದು.

ಉಳಿಯುವುದು ಯಾವುದು?

ನಾಟಕಕ್ಕೆ ಪಠ್ಯವಿದೆ. ಯಕ್ಷಗಾನಕ್ಕೆ ಪ್ರಸಂಗದ ಪುಸ್ತಕವಿದೆ. ಒಬ್ಬ ಕಲಾವಿದ ತೀರಿಕೊಂಡರೂ ಪದ್ಯಗಳು ಉಳಿದಿರುತ್ತವೆ. ಆದರೆ ಆ ಪದ್ಯಕ್ಕೆ ಅವರು ಹೆಜ್ಜೆಯಿಟ್ಟ ರೀತಿ ಪುಸ್ತಕದಲ್ಲಿಲ್ಲ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಮೇಳದ ಕುಣಿತ ಮುಂದಿನ ತಲೆಮಾರುಗಳಿಗೆ ದಾಟಿ ಬಂದದ್ದು ಮನೆಯಲ್ಲಿಯೂ ಮೇಳದಲ್ಲಿಯೂ ಕಲಿಸಿದವರಿದ್ದುದರಿಂದ. ಮಗ ಶಂಭು ಹೆಗಡೆಯವರು 1986ರಲ್ಲಿ ಶ್ರೀಮಯ ಕಲಾಕೇಂದ್ರವನ್ನು ತೆರೆದದ್ದೂ ಈ ದಾಟುವಿಕೆಗೆ ಗಟ್ಟಿಯಾದ ಸೇತುವೆ ಬೇಕೆಂಬ ಕಾರಣಕ್ಕೆ.

ನೃತ್ಯಗ್ರಾಮದ ಇತಿಹಾಸವೂ ಇದನ್ನೇ ಹೇಳುತ್ತದೆ. 1998ರಲ್ಲಿ ಸಂಸ್ಥೆ ಉಳಿದದ್ದು ಕಟ್ಟಡಗಳಿಂದಾಗಲಿ, ಉತ್ಸವದ ಜನಸಂದಣಿಯಿಂದಾಗಲಿ ಅಲ್ಲ. ಬೆಳಗಿನ ಜಾವ ಎದ್ದು ಅಭ್ಯಾಸ ಮಾಡುತ್ತಿದ್ದ ಕೆಲವೇ ನರ್ತಕಿಯರಿಂದ. ಏಳು ಗುರುಕುಲಗಳ ಕನಸು ಪೂರ್ತಿ ಕೈಗೂಡಲಿಲ್ಲ, ವಸಂತಹಬ್ಬ ನಿಂತಿತು. ದಿನನಿತ್ಯದ ಪಾಠ ನಿಲ್ಲದ ಕಾರಣ ಒಡಿಸ್ಸಿ ಉಳಿಯಿತು. ಸಹಯೋಗ ಫಲಿಸಿದ್ದಕ್ಕೂ ಅದೇ ಕಾರಣ. ತನ್ನ ಕಲೆಯಲ್ಲಿ ಗಟ್ಟಿಯಾಗಿ ನಿಂತವರಿಗೆ ನೆರೆಯ ಕಲೆಯನ್ನು ಕಂಡರೆ ಅಂಜಿಕೆಯಿಲ್ಲ, ಅದನ್ನು ಎರವಲು ಪಡೆಯುವ ಆತುರವೂ ಇಲ್ಲ.

ಹೊಸತನವೆಂದರೆ ಬೆರಕೆ, ಪರಂಪರೆಯೆಂದರೆ ಬಾಗಿಲು ಮುಚ್ಚುವುದು ಎಂಬ ಎರಡು ತುದಿಗಳ ವಾದ ಮಲೆನಾಡಿನ ಯಕ್ಷಗಾನ ಚರ್ಚೆಗಳಲ್ಲಿಯೂ ಕೇಳಿಬರುವುದುಂಟು. ಇವೆರಡಕ್ಕೂ ನಡುವೆ ಇನ್ನೊಂದು ದಾರಿಯಿದೆ ಎಂಬುದಕ್ಕೆ ಹೆಸರಘಟ್ಟ ಮತ್ತು ಕೊಲಂಬೊಗಳ ಈ ಗೆಳೆತನ ಸಾಕ್ಷಿ. ಮಗುವಿಗೆ ಮೊದಲ ಹೆಜ್ಜೆ ಹೇಳಿಕೊಡುವ ಗುರು ಊರಿನಲ್ಲಿರುವವರೆಗೆ ಹಳೆಯ ಕೃತಿಯಾವುದೂ ಪೂರ್ತಿ ಹಳೆಯದಾಗುವುದಿಲ್ಲ. ಆ ಗುರುವಿನ ಅಂಗಳ ಬರಿದಾದ ದಿನ ಮಾತ್ರ ಕಲೆ ನಿಜವಾಗಿ ಗತಕಾಲಕ್ಕೆ ಸೇರುತ್ತದೆ.